ಮಂಟಪದ ಪಾಯ

ಸಾದಿಕ ಜೆಸಿಬಿಯ ಎಂಜಿನ್ ಆರಿಸಿ ಕೆಳಗಿಳಿದ. ಪಾಯದ ಗುಂಡಿಯಲ್ಲಿ ಕುಕ್ಕರುಗಾಲಲ್ಲಿ ಕೂತು ಕೈಯಿಂದಲೇ ಮಣ್ಣು ಸರಿಸಿದ. ಆಮೇಲೆ ಎದ್ದು ಅತ್ತಿತ್ತ ನೋಡಿದ. ಗಾಡಿಯಿಂದ ತಾಡಪತ್ರಿ ತಂದು ಗುಂಡಿಗೆ ಹೊದಿಸಿ ನಾಲ್ಕು ಮೂಲೆಗೂ ಕಲ್ಲು ಇಟ್ಟ.

ಇಷ್ಟನ್ನೂ ಮನೆಯ ಯಜಮಾನ ಸತ್ತೆಪ್ಪ ಹಿತ್ತಲ ಬಾಗಿಲಲ್ಲಿ ಚಹಾದ ಬಸಿ ಹಿಡಿದು ನೋಡಿದ. ಚಹಾ ಆರಿತು.

“ಯಾಕಲೇ ಸಾದಿಕ್ಯಾ, ನಿಲ್ಲಿಸಿದಿ?”

“ಇಲ್ಲಿ ಬ್ಯಾಡ್ರಿ ಅಣ್ಣಾರ. ಕಲ್ಲು ಹತ್ತೇತಿ. ಮಂಟಪ ಹತ್ತು ಫೂಟ ಆ ಕಡೆ ಸರಸೂಣು.”

“ಬಾವಿ ಇಲ್ಲಿ, ಮಂಟಪ ಅಲ್ಲಿ! ಅದರಾಗ ನಿನ್ನ ಕುಂದರಸ್ಲೇನು?”

ಬಾವಿಯ ಪಕ್ಕ ಕಟ್ಟಬೇಕಿದ್ದ ಈ ಮಂಟಪ ಸತ್ತೆಪ್ಪನ ತಂದೆ ಲಗಮಪ್ಪನ ಹೆಸರಿನದು. ಆತ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಪುಣ್ಯತಿಥಿಯ ದಿನ ಸ್ವಾಮಿಗಳ ಕೈಯಿಂದ ಉದ್ಘಾಟನೆ. ತಂದೆಯ ಹೆಸರು ನಾಲ್ಕು ಕಂಬದ ಮೇಲೆ ನಿಲ್ಲಬೇಕು ಎಂಬುದು ಸತ್ತೆಪ್ಪನ ಹಟ. ಅದರ ಬುಡದಲ್ಲಿ ತನ್ನ ಹೆಸರೂ ಸಣ್ಣದಾಗಿ ಇರಲಿ ಎಂಬುದು ವಿನಯ.

ಊರಿನ ಯಾವ ಬಾವಿಯೂ ಏಪ್ರಿಲ್ ದಾಟುತ್ತಿರಲಿಲ್ಲ. ಲಗಮಪ್ಪನದು ಬತ್ತುತ್ತಲೇ ಇರಲಿಲ್ಲ. ಹದಿನೆಂಟು ವರ್ಷದ ಹಿಂದೆ, ಆತ ಪಂಚಾಯತಿ ಅಧ್ಯಕ್ಷನಾಗಿದ್ದಾಗ, ಗಂಗೆ ಊರೆಲ್ಲ ಬಿಟ್ಟು ಆತನ ಹಿತ್ತಲನ್ನೇ ಆರಿಸಿಕೊಂಡಿದ್ದಳು. ಅಂದಿನಿಂದ ಪ್ರತಿ ಬೇಸಿಗೆ ಲಗಮಪ್ಪ ಹಣೆ ತುಂಬ ವಿಭೂತಿ ಹಚ್ಚಿ, ಬಾವಿಯ ಪಕ್ಕ ಕುರ್ಚಿ ಹಾಕಿಸಿಕೊಂಡು, ಮನೆಗೆ ಎರಡು ಕೊಡದಂತೆ ನೀರು ದಾನ ಮಾಡಿದ. ತಗ್ಗಿನ ಓಣಿಯವರು ಕೈಮುಗಿದು ಒಯ್ದರು. ಯಡೂರಿಗೆ ನಡೆದು ಹೋಗುವ ಭಕ್ತರು ತೀರ್ಥವೆಂದು ಬಾಟಲಿ ತುಂಬಿಕೊಂಡರು. ದೇವರು ಮಾತ್ರ ಈ ವಿಷಯದಲ್ಲಿ ಏನೂ ಹೇಳಿರಲಿಲ್ಲ.

ಸತ್ತೆಪ್ಪನಿಗೆ ಕಲ್ಲಿನ ಮಾತು ಹಿಡಿಸಲಿಲ್ಲ. ಕಲ್ಲಿಗೆ ಯಾರಾದರೂ ತಾಡಪತ್ರಿ ಹೊದಿಸುತ್ತಾರೆಯೇ? ಅಜ್ಜ ಹೂತಿಟ್ಟ ಚಿನ್ನದ ಹಂಡೆಯ ಕಥೆ ಆ ಊರಿನ ಪ್ರತಿ ಮನೆಯಲ್ಲೂ ಇತ್ತು. ಹಂಡೆ ಸಿಕ್ಕ ಮನೆ ಒಂದೂ ಇರಲಿಲ್ಲ. ಮೊದಲನೆಯದು ತನ್ನದೇ ಆಗಬಾರದೇಕೆ?

“ಏನ್ರಿ, ಮನಶ್ಯಾ ಬ್ಯಾಡ ಅನ್ನಾಕತ್ತಾನ. ಆ ಕಡೇನ ಕಟ್ರಿ,” ಎಂದಳು ಹೆಂಡತಿ ಶಿವಗಂಗವ್ವ.

“ನಿನಗ ತಿಳಿಯೂದಿಲ್ಲ. ಸುಮ್ನಿರು.”

“ಮೂವತ್ತ ವರ್ಷದಿಂದ ಸುಮ್ನ ಅದೇನಿ. ಏನ ಸುಧಾರಿಸೇತಿ?”

ಸಾದಿಕ ಹತ್ತಿರ ಬಂದು ದನಿ ತಗ್ಗಿಸಿದ. “ಬಾಡಿಗಿ ಒಂದ ರೂಪಾಯಿ ಬ್ಯಾಡ್ರಿ ಅಣ್ಣಾರ. ಈ ಗುಂಡಿ ನಾನ ಮುಚ್ಚತೇನಿ, ಹೊಸಾದು ನಾನ ತೋಡತೇನಿ. ನಮ್ಮ ಅಮ್ಮಾ ಸತ್ತಾಗ ನಮ್ಮ ತಗ್ಗಿನ ಓಣ್ಯಾಗ ಹನಿ ನೀರ ಇರಲಿಲ್ಲ. ಮೈ ತೊಳಿಯಾಕ ಲಗಮಪ್ಪ ಕಾಕಾ ಹತ್ತು ಕೊಡ ಕೊಟ್ಟರು. ಅದನ್ನ ನಾ ಮರತಿಲ್ಲ.”

ಗಂಟೆಗೆ ಎಂಟುನೂರು ರೂಪಾಯಿ ಕೇಳುವ, ಬೀಡಿ ಸೇದಿದ ಹೊತ್ತನ್ನೂ ಗಂಟೆಗೆ ಸೇರಿಸುವ ಜೆಸಿಬಿಯವನು ಬಾಡಿಗೆ ಬೇಡ ಎನ್ನುತ್ತಿದ್ದಾನೆ! ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿಗೆ ಬೇಕು? ಸತ್ತೆಪ್ಪ ಜೆಸಿಬಿಯ ಕೀಲಿ ಕಿತ್ತುಕೊಂಡ. ನಿಪ್ಪಾಣಿಯಲ್ಲಿ ವಕೀಲನಾಗಿದ್ದ ಭಾವಮೈದುನ ಜ್ಞಾನದೇವನಿಗೆ ಫೋನು ಹಚ್ಚಿದ.

“ಭಾವಾ, ಗುಂಡಿ ಮುಟ್ಟಬ್ಯಾಡ್ರಿ, ಬಗ್ಗಿ ನೋಡಲೂಬ್ಯಾಡ್ರಿ,” ಎಂದ ವಕೀಲ. “ವಾರಸದಾರ ಇಲ್ಲದ ಮಾಲು ಸರಕಾರಕ್ಕ ಹೋಗತೈತಿ. ಒಳಗ ಇರೂದು ನಿಮ್ಮಪ್ಪ ಇಟ್ಟದ್ದು ಅಂತ ಮದಲ ಪಂಚರ ಮುಂದ ಬರಸ್ರಿ. ತಗಿಯೂದು ಆಮ್ಯಾಲ.”

ಅರ್ಧ ಗಂಟೆಯಲ್ಲಿ ಹಿತ್ತಲು ತುಂಬಿತು. ಚಾವಡಿಯಿಂದ ಗ್ರಾಮಲೆಕ್ಕಿಗ, ಅಂದರೆ ತಲಾಠಿ, ನೇಮಿನಾಥ ಬಂದ. ಪಂಚರು ಬಂದರು. ಕರೆಯದಿದ್ದರೂ ತಗ್ಗಿನ ಓಣಿಯವರು ಖಾಲಿ ಕೊಡಗಳೊಂದಿಗೆ ಬಂದರು.

ಸತ್ತೆಪ್ಪ ಗಂಟಲು ಸರಿಮಾಡಿಕೊಂಡು ಬರೆಸಿದ: “ಈ ಗುಂಡಿಯೊಳಗೆ ಇರುವುದನ್ನು ನನ್ನ ತಂದೆ ಲಗಮಪ್ಪನವರು ಸ್ವತಃ ಮುಂದೆ ನಿಂತು ಹೂಳಿಸಿದ್ದಾರೆ. ಈ ಸಂಗತಿ ನಮ್ಮ ಮನೆಯಲ್ಲಿ ಮೊದಲಿನಿಂದಲೂ ಗೊತ್ತು. ಇದರ ಸಕಲ ಹಕ್ಕು ಮತ್ತು ಜವಾಬ್ದಾರಿ ನನ್ನದು.”

ತಲಾಠಿ ಪೆನ್ನು ಎತ್ತಿದ. “ನೋಡದ ಬರಸಾಕತ್ತೀರಲ್ರಿ ಸಾವ್ಕಾರ್ರ. ಇನ್ನೊಮ್ಮೆ ವಿಚಾರ ಮಾಡ್ರಿ.”

“ನಮ್ಮಪ್ಪ ಇಟ್ಟದ್ದು ನನಗ ಗೊತ್ತಿರೂದಿಲ್ಲೇನ್ರಿ?” ಸತ್ತೆಪ್ಪ ಸಹಿ ಹಾಕಿದ. ಪಂಚರೂ ಹಾಕಿದರು.

ಸಾದಿಕ ಸತ್ತೆಪ್ಪನ ತೋಳು ಹಿಡಿದು ಪಕ್ಕಕ್ಕೆ ಎಳೆದ. “ಅಣ್ಣಾರ, ಕೈಮುಗಿತೇನಿ. ಕೀಲಿ ಕೊಡ್ರಿ, ಮಣ್ಣು ಎಳದಬಿಡ್ತೇನಿ. ದೊಡ್ಡವರು ಹೋಗ್ಯಾರ. ಹೆಸರಾದ್ರೂ ಉಳೀಲಿ.”

“ಕೇಳಿದ್ರೇನು?” ಸತ್ತೆಪ್ಪ ಊರಿಗೆ ಕೇಳುವಂತೆ ಕೂಗಿದ. “ಇನ್ನೂ ಮುಚ್ಚು ಅಂತಾನ!”

“ಸಾದಿಕ್ಯಾ, ನಮಗೂ ಒಂದ ತೊಲಿ ಇಡಲೇ!” ಎಂದು ಹಿಂದಿನಿಂದ ಯಾರೋ ಅಂದರು. ಜನ ನಕ್ಕರು. ಸತ್ತೆಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ.

ಸಾದಿಕ ನಗಲಿಲ್ಲ. ಕಲ್ಲು ಸರಿಸಿದ. ತಾಡಪತ್ರಿ ಎಳೆದ. ಕೊಡ ಹಿಡಿದವರು ಮೊದಲು ಬಗ್ಗಿದರು.

ಪಂಚಾಯತಿಯ ನೀರಿನ ಟಾಕಿಯಿಂದ ತಗ್ಗಿನ ಓಣಿಗೆ ಹೊರಟಿದ್ದ ನಾಲ್ಕಿಂಚಿನ ಪೈಪು, ಅಲ್ಲಿ ಅಚ್ಚುಕಟ್ಟಾಗಿ ತಿರುಗಿಕೊಂಡು ಲಗಮಪ್ಪನ ಬಾವಿಗೆ ಇಳಿದಿತ್ತು.