ಗ್ವೆನ್ನೋಳ ದನಿ

ಗೆಥಿನ್ ಪ್ರೋಸರ್‌ಗೆ ತಾಳ್ಮೆ ಇರಲಿಲ್ಲ. ಉಳಿದದ್ದೆಲ್ಲ ಇತ್ತು: ಕಾಲೇಜಿನಲ್ಲಿ ಮೇಷ್ಟ್ರ ಕೆಲಸ, ಅಗೆಯಲು ಸರ್ಕಾರದ ಅಪ್ಪಣೆ, ಸಾಕಷ್ಟು ಆಳುಗಳು, ಕಡಲ ಮರಳಿನಲ್ಲಿ ದೊಡ್ಡ ಹೊಂಡ. ಹೊಂಡದ ತುಂಬ ನೀರೂ ಇತ್ತು.

ನೀರಿನಡಿ ಗ್ವೆನ್ನೋ ಇದ್ದಳು. ನೆಲದ ಮೇಲೆ ಯಾರೂ ಓಡದ ವೇಗದಲ್ಲಿ ಓಡಲೆಂದೇ ಕಟ್ಟಿದ ಕಾರು. ನಲವತ್ತು ವರ್ಷದ ಹಿಂದೆ ಈ ವೇಲ್ಸ್ ತೀರದಲ್ಲಿ ಉರುಳಿ, ಓಡಿಸುತ್ತಿದ್ದ ಹಾರ್ಗ್ರೀವ್‌ನನ್ನು ಕೊಂದಿತ್ತು. ಊರವರೇ ಅದನ್ನು ಅಲ್ಲೇ ಹೂತಿದ್ದರು. ಅದರ ಎಂಜಿನು ವಿಮಾನದ್ದು. ಅದನ್ನು ಮತ್ತೆ ಹಾಡಿಸುವುದೊಂದೇ ಗೆಥಿನ್‌ನ ಬದುಕಿನ ಆಸೆ. ಹೋದಲ್ಲೆಲ್ಲ ಆ ದನಿಯ ಬಗ್ಗೆ ಭಾಷಣ ಬಿಗಿದಿದ್ದ. ಅವನು ಹುಟ್ಟುವ ಮೊದಲೇ ಅದು ನಿಂತುಹೋಗಿತ್ತು.

"ಬಿಟ್ಬಿಡಿ ಮೇಷ್ಟ್ರೇ, ಸತ್ತೋರ ಜಾಗ," ಎಂದ ಊರ ಪ್ರಾರ್ಥನಾಮಂದಿರದ ಹಿರಿಯ ಇಥೆಲ್ ಬೆನಾನ್. ಮೊದಲ ದಿನದಿಂದ ಅವನದ್ದು ಇದೇ ರಾಗ.

"ಅಷ್ಟು ಭಕ್ತಿ ಇದ್ರೆ ಇಲ್ಲಿ ಒಂದು ಹೂವಾದ್ರೂ ಇಡ್ತಿದ್ರಿ. ಹಾರ್ಗ್ರೀವ್ ತಿಥಿ ದಿನ ನೀವೆಲ್ಲ ಹೊಲದ ನೀರು ಎತ್ತೋ ಪಂಪ್‌ಮನೆಯಲ್ಲಿ ಕೂತು ಹಾಡ್ತೀರಂತೆ," ಎಂದ ಗೆಥಿನ್.

"ಇಲ್ಲಿ ಗಾಳಿ ಜಾಸ್ತಿ," ಎಂದಳು ಚಿಪ್ಪುಮೀನು ಮಾರುವ ಮಾರ್ಗೆಡ್. "ಅಲ್ಲಿ ಬೆಚ್ಚಗಿರುತ್ತೆ."

ಪಂಪ್ ಎಂದೊಡನೆ ಗೆಥಿನ್‌ಗೆ ದಾರಿ ಹೊಳೆಯಿತು. ತಮ್ಮ ಜಾಗದಲ್ಲಿ ನೀರು ನಿಂತವರಿಗೆ ಊರಿನ ಪಂಪು ಇಲ್ಲ ಎನ್ನಬಾರದೆಂಬುದು ಆ ಊರಿನ ಕಟ್ಟಳೆ. ಕೇಳಿಯೇಬಿಟ್ಟ. ಇಥೆಲ್‌ನ ಮುಖ ಸಣ್ಣಗಾಯಿತು.

"ಅವಳು ಮುದುಕಿ. ಮೆಲ್ಲಗೆ ಓಡಿಸ್ಬೇಕು."

"ಪಂಪಿಗೂ ಬಾಣಂತನ ಮಾಡ್ತೀರಾ ಹಿರಿಯರೇ?"

ಟ್ರ್ಯಾಕ್ಟರ್ ಅದನ್ನು ಎಳೆದು ತಂದಿತು. ಸುತ್ತಲೂ ತಗಡು ಹೊದಿಸಿ, ರಿವೆಟ್ ಹೊಡೆದು ಮುಚ್ಚಿದ ಗೂಡು. ಶುರುವಾದೊಡನೆ ಹೊಂಡದ ಅಂಚಿನ ಮರಳು ಉದುರಿತು. ಗೆಥಿನ್ ಕಿವಿಗೆ ಹತ್ತಿ ತುರುಕಿಕೊಂಡ.

"ಕತ್ತೆ ಗಂಟಲಿಗೆ ಡಬ್ಬ ಕಟ್ಟಿದ ಹಾಗಿದೆಯಲ್ರೀ!"

"ನಮಗೆ ಅಭ್ಯಾಸ ಆಗೋಗಿದೆ," ಎಂದಳು ಮಾರ್ಗೆಡ್. ಅವನಿಗೆ ಕೇಳಿಸಲಿಲ್ಲ.

ನೀರು ಇಳಿಯುತ್ತ ಬಂದು ತುಕ್ಕು ಹಿಡಿದ ಬಾನೆಟ್ ಕಂಡಿತು. ಅಷ್ಟರಲ್ಲಿ ಉಬ್ಬರವೂ ಶುರುವಾಯಿತು. ಇಥೆಲ್ ಅವನ ತೋಳು ಹಿಡಿದು ಕಿವಿಯ ಬಳಿ ಕೂಗಿದ: "ಮರಳು ಎಳ್ಕೊಳ್ತಿದಾಳೆ. ನಿಲ್ಸಿ. ನಾಳೆ ನೋಡೋಣ."

ಗೆಥಿನ್ ತೋಳು ಕೊಡವಿ, ತಾನೇ ಹೋಗಿ ಹಿಡಿಯನ್ನು ಕೊನೆಯವರೆಗೂ ಎಳೆದ. ಯಂತ್ರ ಚೀರಿತು. ತಗಡು ಸೀಳಿ ಕಬ್ಬಿಣದ ತುಂಡೊಂದು ಹಾರಿತು. ಎಣ್ಣೆ ಚಿಮ್ಮಿತು. ಆಮೇಲೆ ಅಲೆಗಳ ಸದ್ದಷ್ಟೇ.

"ಗುಜರಿ. ಹೋದ್ರೆ ಹೋಗ್ಲಿ," ಎಂದು ಗೆಥಿನ್ ಹೊಂಡಕ್ಕೆ ಹಾರಿದ. ಇಥೆಲ್ ಟೋಪಿ ತೆಗೆದ. ಆಳುಗಳೂ ತೆಗೆದರು.

ಗೆಥಿನ್ ಬಾನೆಟ್ ಎತ್ತಿದ. ಎಂಜಿನು ಇರಬೇಕಾದಲ್ಲಿ ಕಡಲ ಕಲ್ಲುಗಳನ್ನು ಯಾರೋ ಒಪ್ಪವಾಗಿ ಜೋಡಿಸಿದ್ದರು.

ಅವನು ಕಿವಿಯ ಹತ್ತಿ ಕಿತ್ತು ಮೇಲೆ ನೋಡಿದ.

"ಆ ವರ್ಷ ನಮ್ಮ ಹೊಲಗಳೆಲ್ಲ ಮುಳುಗಿದ್ವು ಮೇಷ್ಟ್ರೇ," ಎಂದ ಇಥೆಲ್. ಹೊಗೆಯಾಡುತ್ತಿದ್ದ ತಗಡಿನ ಗೂಡಿನ ಕಡೆ ಟೋಪಿ ತೋರಿಸಿದ. "ಅದಕ್ಕೇ ಹೂಳೋ ಮುಂಚೆ ಅವಳನ್ನ ಬಿಚ್ಕೊಂಡ್ವಿ."

ಹೋದದ್ದು ಒಂದು ಎಂಜಿನು, ಊರಿನ ಒಂದೇ ಪಂಪು, ಮತ್ತು ಕಿವಿಗೆ ಹತ್ತಿ ಇಟ್ಟುಕೊಂಡು ಕಳೆದ ಒಂದು ಮಧ್ಯಾಹ್ನ.