ಚನ್ನವೀರಪ್ಪನ ಭೂತಕಾಲ

ಮಾಡಿದ ಕೆಲಸವನ್ನು ಸ್ಪ್ಯಾನಿಷ್ ಭೂತಕಾಲದಲ್ಲಿ ಹೇಳಿದರೆ ಮಾತ್ರ ಅದು ಆದಂತೆ ಎಂಬ ಕಾಯಿದೆ ಬಂದು ಹನ್ನೊಂದು ವರ್ಷವಾಗಿತ್ತು. ನಿವೃತ್ತ ಬಸ್ ಚಾಲಕ ಚನ್ನವೀರಪ್ಪ ಅರವತ್ತೆರಡನೇ ವಯಸ್ಸಿಗೆ ಟೈಲರ್ ಸಾವಂತ್ರೆವ್ವನನ್ನು ಮದುವೆಯಾಗಲು ತಿಂಗಳಿಡೀ ಉರುಹೊಡೆದಿದ್ದ: ಮದುವೆಯಾಗು ಎಂಬರ್ಥದ ‘ಕಸಾರ್’ ಕ್ರಿಯಾಪದದ ‘ಆರ್’ ತೆಗೆಯಬೇಕು, ನಾನಾದರೆ ‘ಏ’ ಸೇರಿಸಬೇಕು, ಅವನಾದರೆ ‘ಓ’.

ನೋಂದಣಿ ಕಚೇರಿಯಲ್ಲಿ ಹಾರ ಬದಲಾಯಿಸಿದ ಮೇಲೆ ಹೇಳಿದ್ದನ್ನು ದಾಖಲಿಸುವ ಯಂತ್ರದ ಮೈಕಿನ ಮುಂದೆ ಅವನ ನಾಲಿಗೆ ತೊಡರಿತು. ‘ಮೇ ಕಸೇ’, ನಾನು ಮದುವೆಯಾದೆ, ಎನ್ನುವ ಬದಲು ‘ಸೆ ಕಸೋ’ ಎಂದುಬಿಟ್ಟ. ಅವನು ಮದುವೆಯಾದ ಎಂದರ್ಥ. ಕೋಣೆಯಲ್ಲಿದ್ದ ಇನ್ನೊಬ್ಬ ಗಂಡಸೆಂದರೆ ಗುಮಾಸ್ತ ದ್ಯಾಮಣ್ಣ ಒಬ್ಬನೇ. ಯಂತ್ರ ವರನ ಜಾಗದಲ್ಲಿ ಅವನ ಹೆಸರು ಅಚ್ಚುಹಾಕಿತು.

“ಅಕ್ಕಾರ, ನನಗ ಮನ್ಯಾಗ ಒಬ್ಬಾಕಿ ಅದಾಳ್ರಿ,” ಎಂದ ದ್ಯಾಮಣ್ಣ, ಬೆವರು ಒರೆಸಿಕೊಳ್ಳುತ್ತ.

ಚನ್ನವೀರಪ್ಪ ತಲೆ ತಗ್ಗಿಸಿದ. “ಇನ್ನೊಮ್ಮೆ ಹೇಳಿದ್ರ ನಿನ್ನ ಯಾರಿಗೆ ಕಟ್ಟತೀನೋ ಏನೋ, ಸಾವಂತ್ರಿ. ನನ್ನ ಕೈಲೆ ಆಗೂದಿಲ್ಲ.”

ಸಾವಂತ್ರೆವ್ವ ಅವನ ಕೈ ಹಿಡಿದು ಮೈಕಿಗೆ ಬಾಗಿ, “ನೋಸ್ ಕಸಾಮೋಸ್,” ಎಂದಳು. ನಾವು ಮದುವೆಯಾದೆವು.

ಗುಮಾಸ್ತನ ಹೆಸರು ಅಳಿಸಿಹೋಯಿತು. ಆದರೆ ಆ ರೂಪ ವರ್ತಮಾನಕ್ಕೂ ಅದೇ ಆದ್ದರಿಂದ ಯಂತ್ರ ಕೇಳಿತು: “ಮದುವೆ ಆಯಿತೋ, ಆಗುತ್ತಿದೆಯೋ?”

ಸಾವಂತ್ರೆವ್ವ ಚನ್ನವೀರಪ್ಪನ ಕೈ ಬಿಡದೆ, “ಎರಡೂ ಅಂತ ಬರ್ಕೋ,” ಎಂದಳು.