ಕುರ್ಚಿಯ ಕೈ

ಅಂಗಡಿಯ ಹಿಂದಿನ ಓಣಿಯಲ್ಲಿ ಗೋಡೆಗೊರಗಿ ನಿಂತಿದ್ದ ಸೋಫಾ ಮೇಸ್ತ್ರಿ, ಸಿಗರೇಟನ್ನು ತುಟಿಯಲ್ಲಿ ಕಚ್ಚಿಕೊಂಡೇ ಮೊಬೈಲಿನಲ್ಲಿ 'ಮಾಡಿದೆ' ಎಂದು ಒತ್ತಿದ. ಮರುಕ್ಷಣ ಉತ್ತರ ಬಂತು: 'ಶಭಾಷ್! ನೀವು ಮತ್ತೊಮ್ಮೆ ಗೆದ್ದಿರಿ.'

"ಗೆದ್ದೆ, ಗೆದ್ದೆ" ಎಂದು ಹೊಗೆ ಬಿಟ್ಟು ಫೋನನ್ನು ಜೇಬಿಗಿಳಿಸಿದ.

ಕೆಮ್ಮು ತೋರಿಸಲು ಹೋದವನಿಗೆ ಆಸ್ಪತ್ರೆಯವರು ಗಂಟು ಹಾಕಿದ್ದ ಉಸಾಬರಿ ಇದು. ದಿನಕ್ಕೆ ಹಲವು ಸಲ ಫೋನು ಟಿಣ್ ಎನ್ನುತ್ತದೆ: 'ಸೇದಬೇಕು ಅನ್ನಿಸುತ್ತಿದೆಯೇ? ಕೈಗೆ ಸಿಕ್ಕ ಕುರ್ಚಿಯಲ್ಲಿ ಹತ್ತು ಸಲ ಎದ್ದು ಕೂರಿ, ಆಸೆ ತಾನಾಗಿ ಇಳಿಯುತ್ತದೆ.' ಮುಗಿಸಿ 'ಮಾಡಿದೆ' ಎನ್ನಬೇಕು. ಎನ್ನದಿದ್ದರೆ ಮನೆಯವರ ಫೋನಿಗೆ ದೂರು ಹೋಗುತ್ತದೆ. ಹೆಂಡತಿ ಕೆಲಸ ಮಾಡುವ ಲಾಂಡ್ರಿಯಲ್ಲಿ ಫೋನು ಮುಟ್ಟುವ ಹಾಗಿಲ್ಲವೆಂದು ಅವಳು ತನ್ನ ತಾಯಿಯ ನಂಬರು ಕೊಟ್ಟುಬಿಟ್ಟಿದ್ದಳು. ಅತ್ತೆಯ ಕೈಗೆ ಜುಟ್ಟು ಸಿಕ್ಕರೆ ಕೇಳಬೇಕೆ! ಮೇಸ್ತ್ರಿ ಒಂದೇ ಒಂದು ಸಲವೂ ಎದ್ದು ಕೂತವನಲ್ಲ, 'ಮಾಡಿದೆ' ಎನ್ನುವುದನ್ನು ಒಂದೇ ಒಂದು ಸಲವೂ ತಪ್ಪಿಸಿದವನಲ್ಲ. ಮನೆಯಲ್ಲಿ ಅಂಥ ಸಿಐಡಿಯನ್ನು ಇಟ್ಟುಕೊಂಡೂ ಸಿಕ್ಕಿಬೀಳದ ತನ್ನ ಜಾಣತನಕ್ಕೆ ತಾನೇ ಮೀಸೆ ತಿರುವುತ್ತಿದ್ದ.

ಸಿಗರೇಟು ಹೊಸಕಿ, ಪೆಪ್ಪರ್‌ಮಿಂಟು ಬಾಯಿಗೆ ಹಾಕಿಕೊಂಡು ಒಳಗೆ ಬಂದರೆ ಹೊಲಿಯುವ ದೊಡ್ಡ ಸೂಜಿ ಕಾಣಲಿಲ್ಲ. ಮನೆಯಲ್ಲೇ ಮರೆತಿರಬೇಕೆಂದು ಅಂಗಡಿಯ ಮೇಲಿನ ಮನೆಗೆ ಮೆಟ್ಟಿಲು ಹತ್ತಿದ. ಬಾಗಿಲ ಹೊರಗೇ ಸ್ಪ್ರಿಂಗಿನ ಸದ್ದು ಕೇಳಿಸಿತು. ಕಿರ್‍ರ್... ಸ್ವಲ್ಪ ಬಿಟ್ಟು ಮತ್ತೆ ಕಿರ್‍ರ್. ಯಾವ ಕುರ್ಚಿಯೆಂದು ಅವನ ಕಿವಿಗೆ ಹೇಳಿಕೊಡಬೇಕಾಗಿರಲಿಲ್ಲ. ಕೆಲವು ತಿಂಗಳ ಹಿಂದಷ್ಟೇ ಸ್ಪ್ರಿಂಗು ಬಿಗಿದು, ಹೊಸ ಬಟ್ಟೆ ಹೊದಿಸಿ, ಕಿಟಕಿಯ ಪಕ್ಕ ಇಟ್ಟಿದ್ದ ಕುರ್ಚಿ ಅದು.

ಒಳಗೆ ಅತ್ತೆ ಕುರ್ಚಿಯ ಎರಡೂ ಕೈಗಳ ಮೇಲೆ ಅಂಗೈ ಊರಿ, ಹಲ್ಲು ಕಚ್ಚಿ ಏಳುತ್ತಿದ್ದರು. ಎದ್ದು ನಿಂತು, ಉಸಿರೆಳೆದುಕೊಂಡು, ಮತ್ತೆ ಮೆಲ್ಲಗೆ ಕೂತರು. ಅಳಿಯನನ್ನು ಕಂಡು ನಾಚಿಕೊಂಡು ಸೆರಗು ಸರಿಮಾಡಿಕೊಂಡರು.

"ಏನತ್ತೆ ಇದು?"

"ನೀವು ಈಗಷ್ಟೇ ಮುಗಿಸಿದ್ರಲ್ಲ, ನಂಗೂ ಮೆಸೇಜ್ ಬಂತು. 'ನಿಮ್ಮವರು ಗೆದ್ದರು, ಅವರ ಜೊತೆ ನೀವೂ ಮಾಡಿ, ಅವರಿಗೆ ಬಲ ಬರುತ್ತೆ' ಅಂತ ಪ್ರತಿ ಸಲ ಬರುತ್ತೆ."

"ಪ್ರತಿ ಸಲವೂ... ಮಾಡ್ತೀರಾ?"

"ಮತ್ತೆ! ಮಂಡಿ ಮೊದಮೊದ್ಲು ಜೀವ ಹಿಂಡಿಬಿಡ್ತು. ಅಷ್ಟು ಕೆಲಸದ ಮಧ್ಯೆ ನೀವು ಬಿಡದೆ ಮಾಡ್ತಿದೀರಿ, ಮನೇಲಿ ಕೂತಿರೋ ನಂಗೇನು ಧಾಡಿ ಅಂದ್ಕೊಂಡೆ." ಅತ್ತೆ ದನಿ ತಗ್ಗಿಸಿದರು. "ಸೇದಿ ಸೇದಿ ಹೋದ ನಿಮ್ಮ ಮಾವನಿಗೆ 'ಬಿಡಿ, ಬಿಡಿ' ಅಂತ ಬಾಯಲ್ಲಿ ಹೇಳಿದ್ದೇ ಬಂತು. ಜೊತೇಲಿ ಎದ್ದು ನಿಲ್ಬೇಕು ಅಂತ ಆಗ ಹೊಳೀಲೇ ಇಲ್ಲ. ನನ್ನ ಗತಿ ನನ್ನ ಮಗಳಿಗೆ ಬರೋದು ಬೇಡ. ನೀವು ಮನಸ್ಸು ಗಟ್ಟಿ ಮಾಡಿದೀರಿ, ಅದೇ ನಂಗೆ ಧೈರ್ಯ."

ಮೇಸ್ತ್ರಿ ಅವರ ಮುಖ ನೋಡಲಾರದೆ ಕುರ್ಚಿ ನೋಡಿದ. ಕೂತು ಸವೆದ ಕುರ್ಚಿ, ಒರಗಿ ಸವೆದ ಕುರ್ಚಿ ಎಷ್ಟೋ ಅವನ ಕೈದಾಟಿ ಹೋಗಿದ್ದವು. ಈ ಕುರ್ಚಿಯ ಸೀಟಿನ ಬಟ್ಟೆ ಹೊಸದಾಗಿಯೇ ಇತ್ತು. ಸವೆದಿದ್ದದ್ದು ಎರಡು ಕೈಗಳ ತುದಿ ಮಾತ್ರ. ನೂಲು ಬಿಟ್ಟು ಒಳಗಿನ ಹತ್ತಿ ಇಣುಕುತ್ತಿತ್ತು. ಓಣಿಯಲ್ಲಿ ನಿಂತು ಒಂದೊಂದು ಸಲ 'ಮಾಡಿದೆ' ಎಂದು ಒತ್ತಿದಾಗಲೂ ಈ ಮುದಿ ಮಂಡಿಗಳನ್ನು ತಾನೇ ಎಬ್ಬಿಸಿ ಕೂರಿಸಿದ್ದು ಎನ್ನುವುದು ತಿಳಿದು, ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

"ಹೇಗೂ ಬಂದಿದೀರಿ, ನಂದಿನ್ನೂ ಅರ್ಧ ಬಾಕಿ ಇದೆ" ಎಂದರು ಅತ್ತೆ ಉತ್ಸಾಹದಿಂದ. "ಆ ಸ್ಟೂಲ್ ಎಳ್ಕೊಳ್ಳಿ, ಜೊತೇಲೇ ಮಾಡೋಣ. ನಾನು ಮಾಡೋದು ಸರಿ ಇದೆಯಾ ಅಂತ ನೋಡಿ ಹೇಳಿ. ನಿಮಗೆ ಚೆನ್ನಾಗಿ ಅಭ್ಯಾಸ ಆಗಿರುತ್ತೆ."

'ಸೂಜಿ ಹುಡುಕಬೇಕು' ಎಂದು ಜಾರಿಕೊಳ್ಳಲು ಬಾಯಿ ತೆರೆದವನಿಗೆ ಆ ನೆಪವೂ ಹೊರಡಲಿಲ್ಲ. ಸ್ಟೂಲ್ ಎಳೆದು ಎದುರಿಗೆ ಕೂತ. ಇಬ್ಬರೂ ಎದ್ದರು, ಕೂತರು. ಮತ್ತೆ ಎದ್ದರು, ಕೂತರು. ಅತ್ತೆಯದು ಒಂದೇ ಲಯ. ಮೂರನೆಯ ಸಲಕ್ಕೆ ಮೇಸ್ತ್ರಿಯ ತೊಡೆ ನಡುಗಿತು. ನಾಲ್ಕನೆಯದಕ್ಕೆ ಏದುಸಿರು ಬಂತು. ಐದಕ್ಕೆ ಅರ್ಧ ಎದ್ದವನು ಕೆಮ್ಮು ಉಕ್ಕಿ ದೊಪ್ಪನೆ ಕುಸಿದು ಕೂತ. ಕೆಮ್ಮಿನ ರಭಸಕ್ಕೆ ಪೆಪ್ಪರ್‌ಮಿಂಟು ಬಾಯಿಂದ ಹಾರಿ ಅತ್ತೆಯ ಕಾಲ ಬಳಿ ಬಿತ್ತು. ಅದರ ಹಿಂದೆಯೇ ಸಿಗರೇಟಿನ ವಾಸನೆ.

ಅತ್ತೆ ಪೆಪ್ಪರ್‌ಮಿಂಟು ನೋಡಿದರು. ಅಳಿಯನ ನಡುಗುವ ಕಾಲು ನೋಡಿದರು. ಮುಖದ ಉತ್ಸಾಹ ಮೆಲ್ಲಗೆ ಇಳಿದುಹೋಯಿತು. ನೆಲ ಬಾಯಿ ಬಿಟ್ಟು ತನ್ನನ್ನು ನುಂಗಬಾರದೇ ಎಂದುಕೊಂಡು ಮೇಸ್ತ್ರಿ ತಲೆ ತಗ್ಗಿಸಿದ.

ಅತ್ತೆ ಎದ್ದರು, ಕೈ ಊರದೆಯೇ. ಕುರ್ಚಿಯನ್ನು ಅವನ ಕಡೆ ತಿರುಗಿಸಿ ಸರಿಸಿದರು.

"ಇದರಲ್ಲಿ ಕೂತ್ಕೊಳ್ಳಿ. ಕುರ್ಚಿ ಕೈ ಹಿಡ್ಕೊಂಡು ಏಳಿ" ಎಂದರು. "ಮೊದಲ್ನೇ ದಿನ ನಂಗೂ ಹೀಗೇ ಆಗಿತ್ತು."